ಗೋಡೆಯ ಬಾಯಿ

ಹೊಲಿದ ಸಮವಸ್ತ್ರಗಳ ಗಂಟನ್ನು ಶಾಲೆಗೆ ಮುಟ್ಟಿಸಿ ಬಂದವಳಿಗೆ ಅಂಗಳದಲ್ಲೇ ಹಸಿ ಸಿಮೆಂಟಿನ ವಾಸನೆ ಬಡಿಯಿತು. ಪಕ್ಕದ ಮನೆಯಲ್ಲೇನಾದರೂ ಕೆಲಸ ಹಿಡಿದಿದ್ದಾರೆಯೇ ಎಂದು ಆ ಕಡೆ ನೋಡಿದಳು. ಇಲ್ಲ. ಚಪ್ಪಲಿ ಬಿಡುವಾಗ ಬಾಗಿಲ ಪಕ್ಕ ಮಗುಚಿಟ್ಟ ಬಾಣಲಿ ಕಂಡಿತು. ಅದರ ಅಂಚಿನಿಂದ ಬೂದುಬಣ್ಣದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ಹಿಟ್ಟಿನ ಜರಡಿ ಅಲ್ಲೇ ಗೋಡೆಗೆ ಒರಗಿ ಬಿಸಿಲು ಕಾಯುತ್ತಿತ್ತು. ಜರಡಿಯ ಕಣ್ಣುಗಳಲ್ಲಿ ಮರಳಿನ ಕಾಳು ಸಿಕ್ಕಿಕೊಂಡಿತ್ತು.

ಹಿಂದಿನ ಕೋಣೆಗೆ ಓಡಿದಳು. ಬೆಳಿಗ್ಗೆ ಹೊರಡುವಾಗ ಕಿಟಕಿಯ ಮೂಲೆಯಿಂದ ನೆಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಬಿರುಕು ಈಗ ಇರಲಿಲ್ಲ. ಕಿರುಬೆರಳು ತೂರುವಷ್ಟು ಅಗಲದ ಬಿರುಕು ಅದು. ಈಗ ಗೋಡೆ ಮುಖ ತೊಳೆದು ಕೂತ ಹುಡುಗಿಯ ಹಾಗೆ ನುಣ್ಣಗಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತೆ ಒದ್ದೆ ಬಟ್ಟೆಯಿಂದ ಕೊನೆಯ ಗೆರೆಯನ್ನು ತೀಡುತ್ತಿದ್ದಳು.

"ಎಲ್ಲಿತ್ತು ಹೇಳು ನೋಡೋಣ," ಎಂದಳು ಅತ್ತೆ, ತಿರುಗದೆಯೇ. ದನಿಯಲ್ಲಿ ಹೆಮ್ಮೆಯಿತ್ತು.

ಸೊಸೆ ಹೊಲಿಗೆ ಯಂತ್ರದ ಮೇಲೆ ಕೈಯೂರಿ ನಿಂತಳು.

"ಯಾಕೆ ಮಾಡಿದ್ರಿ ಅತ್ತೆ ಇದನ್ನ?"

"ಯಾಕೆ ಅಂದ್ರೆ? ನಾಳೆ ಮನೆ ನೋಡೋಕೆ ಅಧಿಕಾರಿ ಬರ್ತಾರೆ ಅಂತ ನೀವೇ ತಾನೇ ಹೇಳಿದ್ದು. ಬಂದೋರ ಮುಂದೆ ಹರಕು ಗೋಡೆ ತೋರಿಸ್ಕೊಂಡು ನಿಲ್ಲೋದಾ?"

ಅತ್ತೆ ಹುಟ್ಟಿ ಬೆಳೆದದ್ದು ಮಣ್ಣಿನ ಗೋಡೆಯ ಮನೆಯಲ್ಲಿ. ಮಳೆಗಾಲ ಕಳೆದ ಮೇಲೆ ಗೋಡೆಗಳ ಬಿರುಕು ಮೆತ್ತುವುದು ಅಲ್ಲಿ ಹೆಂಗಸರ ಕೆಲಸ. ಗೋಡೆಯ ಬಾಯಿ ತೆರೆದಿಟ್ಟರೆ ಮನೆಯ ಮಾತು ಹೊರಗೆ ಹೋಗುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಈ ವಯಸ್ಸಿನಲ್ಲೂ ಬಿರುಕು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹಿತ್ತಲಲ್ಲಿ ಕೆಲಸದವರು ಬಿಟ್ಟುಹೋದ ಅರ್ಧ ಚೀಲ ಸಿಮೆಂಟು ತಗಡಿನ ಕೆಳಗೆ ಇದ್ದೇ ಇತ್ತು. ಮರಳು ಸಾಣಿಸಲು ಬೇರೇನೂ ಸಿಗದೆ ಹಿಟ್ಟಿನ ಜರಡಿಯನ್ನೇ ತೆಗೆದುಕೊಂಡಿದ್ದಳು. ಹೊಸ ಜರಡಿ ನಾಳೆ ತಂದರಾಯಿತು ಎಂದೂ ಹೇಳಿದಳು.

ಅವಳನ್ನು ಬೈಯುವ ಹಾಗಿರಲಿಲ್ಲ. ಅಧಿಕಾರಿ ಬರುತ್ತಿದ್ದುದೇ ಆ ಬಿರುಕನ್ನು ನೋಡಲು. ಅದನ್ನು ಅವಳಿಂದ ಮುಚ್ಚಿಟ್ಟದ್ದು ಗಂಡ ಹೆಂಡತಿ ಇಬ್ಬರೂ ಸೇರಿ. ತೆರಿಗೆಗೆ ಮನೆ ಅಳೆಯಲು ಬರುತ್ತಾರೆ ಎಂದು ಗಂಡ ಹೇಳಿದ್ದ, ಇವಳು ಹೂಂಗುಟ್ಟಿದ್ದಳು. ನಿಜ ಹೇಳುವುದಾದರೂ ಹೇಗೆ? ಅವರು ದೂರು ಕೊಟ್ಟದ್ದು ಅತ್ತೆಯ ಸ್ವಂತ ಅಣ್ಣನ ಮಗನ ಮೇಲೆ.

ಅವನನ್ನು ಊರೆಲ್ಲ ರಸಮಟ್ಟ ಎಂದೇ ಕರೆಯುತ್ತಿತ್ತು. ಗೋಡೆಯ ಮಟ್ಟ ನೋಡಲು ಗಾರೆಯವರು ಇಟ್ಟುಕೊಳ್ಳುವ, ನಡುವೆ ಗುಳ್ಳೆ ಓಡಾಡುವ ರಸಮಟ್ಟದ ಆ ಚಿಕ್ಕ ಪಟ್ಟಿ ಯಾವಾಗಲೂ ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಊಟಕ್ಕೆ ಕೂತಾಗಲೂ ಅದನ್ನು ಮೇಜಿನ ಮೇಲಿಟ್ಟು, ಇವಳ ಗಂಡನನ್ನು ತೋರಿಸಿ, ಭಾವನ ಕಡೆಗೇ ವಾಲಿದೆ, ಈ ಮನೆಯಲ್ಲಿ ಎಲ್ಲವೂ ಅವನ ಕಡೆಗೇ ಹರಿಯುವುದು ಎಂದು ನಗಿಸುತ್ತಿದ್ದ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಅವನು ಬೆಳೆದದ್ದು ಈ ಅತ್ತೆಯ ಕೈತುತ್ತಿನಲ್ಲಿ. ಅವನೂ ಇವಳ ಗಂಡನೂ ಒಂದೇ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿದವರು. ಮುಂದೆ ಗಾರೆ ಕೆಲಸ ಕಲಿತು, ಗುತ್ತಿಗೆ ಹಿಡಿದು, ಪರವಾನಗಿಯ ಕಾರ್ಡನ್ನು ಕೊರಳಿಗೆ ತೂಗುಹಾಕಿಕೊಂಡ ದಿನ ಅವನು ಮೊದಲು ಬಂದು ತೋರಿಸಿದ್ದೂ ಅತ್ತೆಗೇ. ಅವಳಿಗೆ ಓದಲು ಬಾರದು. ಕಾರ್ಡಿನ ಮೇಲಿದ್ದ ಅವನ ಫೋಟೋವನ್ನು ಬೆರಳಿನಿಂದ ಒರೆಸಿ ನೋಡಿದ್ದಳು.

ಹೊಲಿಗೆಗೆ ಒಂದು ಕೋಣೆ ಬೇಕಾದಾಗ ಬೇರೆ ಯಾರನ್ನು ಕರೆಯುವುದು? ಗಂಡ ಹಾಲಿನ ವ್ಯಾನು ಓಡಿಸುವವನು, ನಸುಕಿಗೆ ಹೋದರೆ ಮಧ್ಯಾಹ್ನ ಬರುವವನು. ಮನೆಯವನೇ ಮಾಡಿದರೆ ಕಣ್ಣಿಟ್ಟು ಕಾಯುವ ತಾಪತ್ರಯವಿಲ್ಲ ಎಂದುಕೊಂಡರು. ಹಿತ್ತಲಲ್ಲಿ ಹಿಂದೆ ದನಗಳಿದ್ದ ಕಾಲದ ತಿಪ್ಪೆಗುಂಡಿ ಇತ್ತು. ಮುಚ್ಚಿ ಎಷ್ಟೋ ವರ್ಷವಾಗಿ ಮೇಲೆ ಹುಲ್ಲು ಬೆಳೆದಿತ್ತು. ಅದರ ಮೇಲೇ ಕೋಣೆ ಬರಬೇಕಾಗಿತ್ತು. ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು ಎಂದು ಗಂಡ ಹೇಳಿದ್ದ. ಒಂದು ಮಧ್ಯಾಹ್ನ ಬಂದು ನೋಡುವಷ್ಟರಲ್ಲಿ ಪಾಯಕ್ಕೆ ಕಲ್ಲು ಬಿದ್ದಾಗಿತ್ತು. ಗಟ್ಟಿ ನೆಲ ಸಿಕ್ಕಿತು ಭಾವ, ಗುದ್ದಲಿ ಕಿಡಿ ಹಾರಿಸಿತು ಎಂದು ರಸಮಟ್ಟ ಹೇಳಿದ. ನಂಬಿದರು.

ಗೋಡೆ ಎದ್ದು ಮಾಳಿಗೆ ಹಾಕಿಯಾದ ಮೇಲೆ, ಗಾರೆ ಹೊಡೆಯುವ ಹೊತ್ತಿಗೆ, ಅವನ ಕೊರಳು ಬರಿದಾಗಿತ್ತು. ಕಾರ್ಡು ಎಲ್ಲಿ ಅಣ್ಣ ಎಂದು ಇವಳೇ ಕೇಳಿದ್ದಳು. ದಾರ ಹರೀತು ಎಂದಿದ್ದ. ಬೇರೆ ಊರಿನ ಯಾವುದೋ ಮನೆಯ ಮಾಳಿಗೆ ಜಗ್ಗಿ, ಆ ದೂರಿನ ಮೇಲೆ ಅವನ ಪರವಾನಗಿ ರದ್ದಾಗಿತ್ತು ಎಂಬುದು ಇವರಿಗೆ ಗೊತ್ತಾದದ್ದು ಗೋಡೆ ಬಿರುಕು ಬಿಟ್ಟು, ಮೊದಲೆರಡು ಸಲ ಅವನು ಬಂದು ಮೆತ್ತಿ ಹೋಗಿ, ಮೂರನೆಯ ಸಲಕ್ಕೆ ಫೋನು ಎತ್ತುವುದನ್ನು ನಿಲ್ಲಿಸಿದ ಮೇಲೆ.

ಕಟ್ಟಡದ ಕೆಲಸ ಕೆಟ್ಟು ಕೂತ ಮನೆಯವರಿಗೆಂದು ಒಂದು ಪರಿಹಾರ ನಿಧಿ ಇದೆ ಎಂದು ಹಾಲಿನ ಡೈರಿಯಲ್ಲಿ ಯಾರೋ ಹೇಳಿದ್ದರು. ಗಂಡ ನಿಧಿಯ ಕಚೇರಿಗೆ ಹೋಗಿ ವಿಚಾರಿಸಿದ. ಕಿಟಕಿಯ ಹಿಂದಿನ ಗುಮಾಸ್ತ ಪೆನ್ನಿನ ಮುಚ್ಚಳದಿಂದ ಚಹಾ ಕಲಕುತ್ತ ಎಲ್ಲವನ್ನೂ ಬಿಡಿಸಿ ಹೇಳಿದನಂತೆ. ಪರವಾನಗಿ ಇದ್ದಾಗ ಮಾಡಿದ ಕೆಲಸ ಕೆಟ್ಟರೆ ನಿಧಿಯ ಜವಾಬ್ದಾರಿ, ಪರವಾನಗಿ ಹೋದ ಮೇಲೆ ಮಾಡಿದ್ದು ಕೆಟ್ಟರೆ ನಿಮ್ಮ ಹಣೆಬರಹ. ನಿಮ್ಮವನು ಪಾಯ ಹಾಕಿದ್ದು ಪರವಾನಗಿ ಇದ್ದಾಗ, ಗಾರೆ ಹೊಡೆದದ್ದು ಅದು ಹೋದ ಮೇಲೆ. ಪಾಯ ಕುಸಿದು ಬಂದ ಬಿರುಕಾದರೆ ಕೋಣೆ ಹೊಸದಾಗಿ ಕಟ್ಟಿಸಿಕೊಡುತ್ತಾರೆ. ಬರೀ ಗಾರೆಯ ಬಿರುಕಾದರೆ ಏನೂ ಇಲ್ಲ. ನಮ್ಮ ಇಂಜಿನಿಯರ್ ಬಂದು ನೋಡುತ್ತಾರೆ, ಅಲ್ಲಿ ತನಕ ಅದನ್ನು ಮುಟ್ಟಬೇಡಿ.

ಮುಟ್ಟಬೇಡಿ ಎಂಬ ಆ ಒಂದು ಮಾತು ಮುಟ್ಟಬೇಕಾದವರಿಗೆ ಮುಟ್ಟಿರಲಿಲ್ಲ.

ಮಧ್ಯಾಹ್ನ ವ್ಯಾನು ನಿಲ್ಲಿಸಿ ಬಂದ ಗಂಡ ಗೋಡೆ ನೋಡಿ ನಿಂತಲ್ಲೇ ನಿಂತ. ಅಡುಗೆಮನೆಯಲ್ಲಿ ತಾಯಿಯ ಪಾತ್ರೆಯ ಸದ್ದು ಕೇಳುತ್ತಿತ್ತು. ಕೆರೆದು ತೆಗೆದುಬಿಡೋಣವೇ ಎಂದು ಪಿಸುಗುಟ್ಟಿದ. ಅವಳು ಬೇಡವೆಂದು ತಲೆಯಾಡಿಸಿದಳು. ಉಗುರು ತಾಗಿಸಿ ನೋಡಿದ್ದಳು, ಆಗಲೇ ಬಿಗಿದಿತ್ತು. ಈಗ ಉಳಿ ಹಿಡಿದರೆ ಇವರೇ ಒಡೆದರು ಎಂಬ ಮಾತು ಬೇರೆ. ಗಂಡ ಯಂತ್ರದ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಅಮ್ಮನಿಗೆ ಮೊದಲೇ ಹೇಳಿಬಿಡಬೇಕಿತ್ತು ಎಂದ. ಹೇಳಬೇಕಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ಆಗಲೂ ಹೇಳಲಿಲ್ಲ.

ಇಂಜಿನಿಯರ್ ಎಂದರೆ ಯಾರೋ ದಪ್ಪ ಮೀಸೆಯವರು ಬರುತ್ತಾರೆ ಎಂದುಕೊಂಡಿದ್ದರು. ಮರುದಿನ ಬಂದವಳು ಇವಳ ವಯಸ್ಸಿನ ಹೆಂಗಸು. ಕೈಯಲ್ಲೊಂದು ಬ್ಯಾಟರಿ, ಸಣ್ಣ ಸುತ್ತಿಗೆ, ಬೂಟಿನ ತುಂಬ ಇನ್ನಾರದೋ ಮನೆಯ ಕೆಸರು. ಕುರ್ಚಿ ಹಾಕಿದರೆ ಕೂರಲಿಲ್ಲ. ಚಹಾ ಬೇಡವೆಂದಳು. ನೇರವಾಗಿ ಹಿಂದಿನ ಕೋಣೆಗೆ ಹೋಗಿ ಗೋಡೆಯ ಮೇಲೆ ಬೆಳಕು ಬಿಟ್ಟಳು.

"ಎಲ್ಲಿದೆ?"

ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಒಗೆದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು. ಅಧಿಕಾರಿಯ ಮುಖದಲ್ಲಿ ಮೆಚ್ಚುಗೆ ಹುಡುಕುತ್ತಿದ್ದಳು.

ಗಂಡ ಗಂಟಲು ಸರಿಮಾಡಿಕೊಂಡು, ಬಿರುಕು ಈ ಗಾರೆಯ ಕೆಳಗಿದೆ ಮೇಡಂ, ನಮ್ಮ ತಾಯಿ ಗೊತ್ತಿಲ್ಲದೆ ಮುಚ್ಚಿಬಿಟ್ಟರು ಎಂದ. ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದ. ಅವಳು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ ಫೋನು ಹಿಂದಕ್ಕೆ ಕೊಟ್ಟಳು.

"ಚಿತ್ರದಲ್ಲಿ ಬಿರುಕು ಕಾಣುತ್ತೆ, ಅದು ಯಾಕೆ ಬಂತು ಅಂತ ಕಾಣಲ್ಲ. ನಿಮ್ಮ ಗುತ್ತಿಗೆದಾರ ಉತ್ತರ ಕೊಟ್ಟಿದ್ದಾನೆ, ಬರೀ ಗಾರೆ ಒಣಗಿ ಬಿಟ್ಟ ಬಿರುಕು ಅಂತ. ಈಗ ನೀವೂ ಗಾರೆ ಮೆತ್ತಿ ಸರಿಮಾಡ್ಕೊಂಡಿದ್ದೀರ. ಅವನ ಮಾತಿಗೆ ನೀವೇ ಸಾಕ್ಷಿ ಹೇಳಿದ ಹಾಗಾಯ್ತಲ್ಲ."

"ಗುತ್ತಿಗೆದಾರ ಅಂದ್ರೆ ಯಾರು?" ಎಂದಳು ಅತ್ತೆ.

ಇಂಜಿನಿಯರ್ ಒಬ್ಬೊಬ್ಬರ ಮುಖವನ್ನೇ ನೋಡಿದಳು. ನಂತರ ಮೆಲ್ಲಗೆ, ಈ ಕೋಣೆ ಕಟ್ಟಿದವನು ಅಜ್ಜಿ, ಅವನ ಮೇಲೆ ನಿಮ್ಮ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ ಎಂದಳು.

ಅತ್ತೆ ಮಗನನ್ನು ನೋಡಲಿಲ್ಲ, ಸೊಸೆಯನ್ನು ನೋಡಲಿಲ್ಲ. ತಾನು ಬಳಿದ ಗೋಡೆಯನ್ನು ನೋಡಿದಳು. ಬಾಚಿದ ತಲೆಯನ್ನು ಒಮ್ಮೆ ಸವರಿಕೊಂಡು ಅಡುಗೆಮನೆಯ ಕಡೆ ನಡೆದಳು.

ಇಂಜಿನಿಯರ್ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದಳು. ಹೊರಗೆ ಹೋಗಿ ಪಾಯದ ಸುತ್ತ ಬೂಟಿನಿಂದ ಒತ್ತಿ ನೋಡಿದಳು. ಹಳೆಯ ಮನೆಗೂ ಈ ಕೋಣೆಗೂ ನಡುವಿನ ಬಾಗಿಲನ್ನು ಹಾಕಿ ತೆಗೆದಳು. ಅದು ಕೆಳಗಡೆ ಉಜ್ಜಿ ನಿಂತಿತು. ಕೊನೆಗೆ ಅವಳು ಜೇಬಿನಿಂದ ಪೆನ್ಸಿಲು ತೆಗೆದು, ಬಿರುಕು ಇದ್ದ ಜಾಗದಲ್ಲಿ ಹೊಸ ಗಾರೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದಳು. ಗೆರೆಯ ಮೇಲೆ ಉದ್ದಕ್ಕೆ ತನ್ನ ಸಹಿ ಹಾಕಿದಳು.

"ಬರೀ ಗಾರೆ ಬಿರುಕೇ ಆಗಿದ್ರೆ ಇದು ಹೀಗೇ ಇರುತ್ತೆ. ಪಾಯ ಇನ್ನೂ ಕೆಳಗೆ ಕೂರ್ತಾ ಇದ್ರೆ ಇದೂ ಸೀಳುತ್ತೆ. ನಿಮ್ಮ ಅರ್ಜಿ ನೋಡೋ ಸಮಿತಿ ಸೇರೋಕೆ ಮುಂಚೆ ಇನ್ನೊಂದ್ಸಲ ಬರ್ತೀನಿ. ಯಾರೂ ಕೈ ಹಾಕಬೇಡಿ. ಸೀಳಿದ್ರೆ ಆವತ್ತೇ ಫೋನ್ ಮಾಡಿ. ಈ ಕೋಣೇಲಿ ಮಲಗಬೇಡಿ."

ಹೊಲಿಯಬಹುದೇ ಎಂದು ಇವಳು ಕೇಳಿದಳು. ಬಾಗಿಲು ತೆರೆದಿಟ್ಟುಕೊಂಡು, ಆ ಗೋಡೆಯಿಂದ ದೂರ ಕೂತು ಹೊಲಿಯಿರಿ, ಸದ್ದಾದರೆ ಬಟ್ಟೆ ಬಿಟ್ಟು ಓಡಿ ಎಂದು ಹೇಳಿ ಅವಳು ಹೊರಟುಹೋದಳು.

ಅಂದಿನಿಂದ ಆ ಮನೆಯಲ್ಲಿ ಗೋಡೆಯೇ ಯಜಮಾನ. ಗಂಡ ವ್ಯಾನಿನಿಂದ ಇಳಿದವನು ಕೈಕಾಲು ತೊಳೆಯುವ ಮುಂಚೆ ಅದರ ಮುಖ ನೋಡುತ್ತಿದ್ದ. ಹೆಂಡತಿ ಸೂಜಿಗೆ ದಾರ ಪೋಣಿಸುವಾಗ, ಕಾಲರು ಮಗುಚುವಾಗ, ಒಂದು ಕಣ್ಣು ಆ ಪೆನ್ಸಿಲ್ ಗೆರೆಯ ಮೇಲೆ. ಯಂತ್ರ ಓಡಿಸಿದರೆ ಅದರ ಅದುರಿಗೇ ಏನಾದರೂ ಆದೀತು ಎಂಬ ಭಯಕ್ಕೆ ನಿಲ್ಲಿಸುತ್ತಿದ್ದಳು. ಆದರೆ ಆಗಲಿ ಎಂದು ಮತ್ತೆ ಓಡಿಸುತ್ತಿದ್ದಳು. ಸೀಳದಿದ್ದರೆ ಅರ್ಜಿ ಹೋಯಿತು, ಕುಸಿದ ಪಾಯದ ಮೇಲೆ, ಹಳೆಯ ಮನೆಯನ್ನೂ ತನ್ನ ಜೊತೆ ಎಳೆಯುತ್ತಿರುವ ಗೋಡೆಯ ಕೆಳಗೆ, ಬದುಕು ಪೂರ್ತಿ ಹೆದರಿಕೊಂಡೇ ಹೊಲಿಯಬೇಕು. ಸೀಳಿದರೆ ಯಾವ ಗಳಿಗೆಯಲ್ಲಿ ಏನು ತಲೆಯ ಮೇಲೆ ಬರುತ್ತದೋ. ಸ್ವಂತ ಮನೆಯ ಗೋಡೆ ಬಿರಿಯಲಿ ಎಂದು ಬೇಡಿಕೊಳ್ಳುವ ಸ್ಥಿತಿ ಶತ್ರುವಿಗೂ ಬೇಡ ಎಂದುಕೊಂಡು, ಮರುಕ್ಷಣ ಮತ್ತೆ ಬೇಡಿಕೊಳ್ಳುತ್ತಿದ್ದಳು.

ಅತ್ತೆ ಮಾತು ಬಿಟ್ಟಿದ್ದಳು. ಜಗಳವಾಡಿದ್ದರೆ ಒಳ್ಳೆಯದಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಹೊಸ ಜರಡಿ ತಂದುಕೊಟ್ಟರೆ ಮುಟ್ಟಲಿಲ್ಲ, ಹಳೆಯದನ್ನೇ ಕೂತು ಸೂಜಿಯಿಂದ ಒಂದೊಂದು ಕಣ್ಣಾಗಿ ಬಿಡಿಸಿದಳು. ಅವಳು ಬಾಯಿಬಿಟ್ಟದ್ದು ಒಂದೇ ಸಲ.

"ತೆರಿಗೆಯೋರು ಬರ್ತಾರೆ ಅಂದ್ರಲ್ಲ," ಎಂದಳು ಮಗನಿಗೆ, ಅನ್ನದ ಮೇಲಿನ ಕಣ್ಣು ಎತ್ತದೆ. "ನನ್ನ ಮನೇಲಿ ನಾನೇ ಪರದೇಶಿ ಆದೆ."

ಮಗ ತುತ್ತು ಕೈಯಲ್ಲಿಟ್ಟುಕೊಂಡು ಕೂತ. ನಿನಗೆ ನೋವಾಗುತ್ತೆ ಅಂತ ಎಂದು ಏನೋ ಹೇಳಲು ಹೋದ. ಅವಳು ಆಗಲೇ ಎದ್ದಾಗಿತ್ತು.

ಆದರೂ ದಿನಾ ಬೆಳಿಗ್ಗೆ ಮೊದಲು ಆ ಕೋಣೆಗೆ ಹೋಗುತ್ತಿದ್ದವಳು ಅವಳೇ. ಗೋಡೆಯ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಬೆನ್ನು ನೋಡುವ ಹಾಗೆ ಮೇಲಿಂದ ಕೆಳಗೆ ಸವರುತ್ತಿದ್ದಳು. ಏನು ನೋಡುತ್ತಿದ್ದಾಳೆ, ಬಿರುಕು ಬಂದಿದೆಯೇ ಎಂದೋ, ಬಂದಿಲ್ಲವಲ್ಲ ಎಂದೋ? ಸೊಸೆಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಸಂಶಯ ಬೆಳೆಯಿತು. ಕೂದಲೆಳೆಯಷ್ಟು ಬಿರುಕು ಮೊದಲು ಆ ಅಂಗೈಗೇ ಸಿಗುವುದು. ಒಂದು ಚಿಟಿಕೆ ಸಿಮೆಂಟು, ಒಂದು ಹನಿ ನೀರು, ಹೆಬ್ಬೆರಳಿನ ಒಂದು ಎಳೆತ. ಯಾರಿಗೆ ಗೊತ್ತಾಗುತ್ತದೆ? ಇವಳು ಹಿತ್ತಲಿಗೆ ಹೋಗಿ ಸಿಮೆಂಟಿನ ಚೀಲವನ್ನು ಎಳೆದು ತಂದು ವ್ಯಾನಿನಲ್ಲಿ ಹಾಕಿಸಿ ಡೈರಿಗೆ ಕಳಿಸಿಬಿಟ್ಟಳು. ಅತ್ತೆ ಅದನ್ನು ಕಿಟಕಿಯಿಂದ ನೋಡಿದಳು.

ಆ ವಾರವೇ ರಸಮಟ್ಟ ಬಂದ. ಫೋನು ಎತ್ತದವನು ಹಣ್ಣಿನ ಚೀಲ ಹಿಡಿದು, ಗಂಡ ವ್ಯಾನಿನ ಮೇಲೆ ಹೋಗಿರುವ ಹೊತ್ತು ನೋಡಿ ಬಂದಿದ್ದ. ಜೇಬಿನಲ್ಲಿ ಅದೇ ಪಟ್ಟಿ. ಇಳಿದುಹೋಗಿದ್ದ. ಅಂಗಿಯ ಕೊರಳಪಟ್ಟಿ ಸವೆದಿದ್ದನ್ನು ಹೊಲಿಗೆಯವಳ ಕಣ್ಣು ತಾನಾಗಿ ಕಂಡಿತು. ಅವಳಿಗೆ ಚೆನ್ನಾಗಿದ್ದೀಯಾ ತಂಗಿ ಎಂದವನು ಉತ್ತರಕ್ಕೆ ಕಾಯದೆ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತ. ಇವಳು ಯಂತ್ರದ ಮುಂದೆ ಕೂತಳು, ಓಡಿಸಲಿಲ್ಲ. ಬಾಗಿಲು ತೆರೆದೇ ಇತ್ತು.

ಅವನು ಮಾತು ಎಲ್ಲೆಲ್ಲೋ ಸುತ್ತಾಡಿಸಿದ. ತಾವು ಚಿಕ್ಕಂದಿನಲ್ಲಿದ್ದ ಮನೆ, ಅಲ್ಲಿನ ಬಾವಿ, ತಾನು ಬಾವಿಗೆ ಬಿದ್ದಾಗ ಅತ್ತೆ ಹಗ್ಗ ಇಳಿಬಿಟ್ಟದ್ದು. ಆ ಹಗ್ಗವೂ ವಾಲಿತ್ತು ಎಂದು ನಗಿಸಲು ನೋಡಿದ. ಅತ್ತೆ ನಗಲಿಲ್ಲ. ಎದ್ದು ಬಂದು ಗೋಡೆ ನೋಡಿದ, ಸಹಿಯ ಹತ್ತಿರ ಬಗ್ಗಿದ, ಮುಟ್ಟಲಿಲ್ಲ.

"ನನ್ನ ಕೈಕೆಳಗಿನ ಯಾವ ಗಾರೆಯೋನೂ ಹೀಗೆ ಬಳಿದಿಲ್ಲ ಅತ್ತೆ," ಎಂದ. "ಇದು ಬಿರಿಯಲ್ಲ. ಬಿರಿಯದೇ ಇದ್ರೆ ಎಲ್ಲರಿಗೂ ಒಳ್ಳೇದು. ನಿಧಿಯೋರು ಇವರಿಗೆ ಕೊಟ್ಟಿದ್ದನ್ನ ನನ್ನ ಹತ್ರ ವಸೂಲಿ ಮಾಡ್ತಾರೆ. ಅದು ತೀರೋ ತನಕ ಪರವಾನಗಿ ವಾಪಸ್ ಇಲ್ಲ. ನನ್ನ ಕೈ ಕಟ್ಟಿಹಾಕಿದ ಹಾಗೆ. ಆ ಮೇಡಂ ಬಂದಾಗ ಮೇಲುಮೇಲಿನ ಬಿರುಕಿತ್ತಮ್ಮ, ಮೆತ್ತಿದೆ, ಸರಿಹೋಯ್ತು ಅಂತ ನೀವೊಂದು ಮಾತು ಹೇಳಿ ಸಾಕು."

ಅತ್ತೆ ಕೇಳಿದಳು, "ಗಟ್ಟಿ ನೆಲ ಸಿಕ್ಕಿತ್ತಾ?"

ಅವನು ಜೇಬಿನ ಪಟ್ಟಿಯನ್ನು ತೆಗೆದು ಅಂಗೈಯಲ್ಲಿ ಹಿಡಿದ. ಗುಳ್ಳೆ ಆ ಕಡೆ ಈ ಕಡೆ ಓಡಿತು. ಮಳೆ ಹತ್ತಿರ ಬಂದಿತ್ತು ಅತ್ತೆ, ಆಳುಗಳು ಬೇರೆ ಕಡೆ ಹೋಗಬೇಕಿತ್ತು, ಅದೂ ಸುಮಾರು ಗಟ್ಟಿಯೇ ಇತ್ತು ಎಂದ. ಅವನು ಹೇಳಿದ್ದಷ್ಟೆ. ಹಣ್ಣಿನ ಚೀಲವನ್ನು ಅಲ್ಲೇ ಇಟ್ಟು ಹೋದ. ಅತ್ತೆ ಅವನನ್ನು ಬೀದಿಯ ತಿರುವಿನ ತನಕ ಕಣ್ಣಲ್ಲೇ ಕಳಿಸಿಬಂದಳು. ಹಣ್ಣುಗಳನ್ನು ತೊಳೆದು ಬುಟ್ಟಿಗೆ ಹಾಕಿದಳು. ಅವನ ಬೇಡಿಕೆಗೆ ಮನಸ್ಸಿನಲ್ಲಿ ಹೂಂ ಅಂದಳೋ ಊಹೂಂ ಅಂದಳೋ ಸೊಸೆಗೆ ಗೊತ್ತಾಗಲಿಲ್ಲ.

ಗೋಡೆ ಹಾಗೇ ಇತ್ತು. ದಿನಗಳು ಹೋದವು, ಅದು ಹಾಗೇ ಇತ್ತು. ಅತ್ತೆಯ ಗಾರೆ ಒಣಗಿ ಬಿಳಿಚಿಕೊಂಡು ಕಲ್ಲಿನಂತಾಯಿತು. ಸಮಿತಿ ಕೂರುವ ದಿನ ಗೊತ್ತಾಗಿದೆ, ಅದಕ್ಕೆ ಮುಂಚೆ ಬರುತ್ತೇನೆ ಎಂದು ಇಂಜಿನಿಯರ್ ಫೋನಿನಲ್ಲಿ ಹೇಳಿದಳು. ಏನಾದರೂ ಸೀಳಿದೆಯೇ ಎಂದು ಕೇಳಿದಳು. ಇಲ್ಲ ಎನ್ನುವಾಗ ಇವಳ ದನಿ ಕಳ್ಳಿಯ ದನಿಯಂತಿತ್ತು. ಫೋನು ಇಟ್ಟ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಯಲ್ಲಿದ್ದ ಹಾಗೆಯೇ ಗೋಡೆಯ ಮುಂದೆ ಹೋಗಿ ನಿಂತಳು. ಗಾರೆಯ ಕೆಳಗೆ ಬಿರುಕು ಇದ್ದೇ ಇದೆ. ಇವಳೇ ಕಣ್ಣಾರೆ ಕಂಡದ್ದು, ಸುಳ್ಳೇನಲ್ಲ. ಕತ್ತರಿಯ ಮೊನೆಯಿಂದ ಒಂದೇ ಒಂದು ಗೀರು ಎಳೆದರೆ ಒಳಗಿನ ಸತ್ಯ ಹೊರಗೆ ಬರುತ್ತದೆ ಅಷ್ಟೆ. ಕೈ ಎತ್ತಿದಳು. ಮೊನೆ ಸಹಿಯ ಮೊದಲ ಅಕ್ಷರದ ಪಕ್ಕ ಬಂದು ನಿಂತಿತು.

ಹಿಂದೆ ಉಸಿರಿನ ಸದ್ದಾಯಿತು. ಅತ್ತೆ ಬಾಗಿಲಲ್ಲಿದ್ದಳು.

ಇವಳು ಕತ್ತರಿ ಇಳಿಸಿದಳು. ತಾನು ಅತ್ತೆಯ ಮೇಲೆ ಹೊರಿಸಿದ್ದ ಸಂಶಯ ತನ್ನ ಕೈಯಲ್ಲೇ ಹೊಳೆಯುತ್ತಿತ್ತು. ಅತ್ತೆ ಬೈಯಲಿಲ್ಲ. ಹತ್ತಿರ ಬಂದು ಕತ್ತರಿಯನ್ನು ಇವಳ ಕೈಯಿಂದ ಬಿಡಿಸಿಕೊಂಡು ಬಟ್ಟೆಯ ಮೇಜಿನ ಮೇಲಿಟ್ಟಳು.

"ಮೊನೆ ಮೊಂಡಾಗುತ್ತೆ," ಎಂದಳು. ಆಮೇಲೆ, "ನಾನೂ ಕೈ ಹಾಕಿಲ್ಲ, ನೀನೂ ಹಾಕಬೇಡ. ಅದೇ ಹೇಳಲಿ."

ಮಾತು ಬಿಟ್ಟ ಮೇಲೆ ಅತ್ತೆ ಇವಳಿಗೆ ಆಡಿದ ಮೊದಲ ಮಾತು ಅದು. ಹೇಳುವುದು ಇದ್ದರೆ ತಾನೇ ಎಂದುಕೊಂಡಳು ಇವಳು. ಆದರೆ ಆ ದಿನ ಮತ್ತೆ ಗೋಡೆಯ ಕಡೆ ನೋಡಲಿಲ್ಲ.

ಬಿರುಕು ಬಂದದ್ದು ಒಂದು ಜೋರು ಮಳೆ ಬಿದ್ದು ಬೆಳಗಾದ ಮೇಲೆ. ಗಂಡ ಆಗಲೇ ಹಾಲಿಗೆ ಹೋಗಿದ್ದ. ಇವಳು ಒಲೆಯ ಮುಂದಿದ್ದಾಗ ಅತ್ತೆ ಕೋಣೆಯಿಂದ ಕರೆದಳು, ಹೆಸರು ಹಿಡಿದಲ್ಲ, ಬಾ ಇಲ್ಲಿ ಎಂದು. ಹೋದಾಗ ಅತ್ತೆ ಗೋಡೆಯ ಮುಂದೆ ಅಂಗೈಯನ್ನು ಹಾಗೇ ಒತ್ತಿ ಹಿಡಿದು ನಿಂತಿದ್ದಳು, ತೆಗೆದರೆ ಎಲ್ಲಿ ಏನಾಗುವುದೋ ಎಂಬಂತೆ. ಕೈ ತೆಗೆದಳು. ಕಿಟಕಿಯ ಮೂಲೆಯಿಂದ ಹಳೆಯ ದಾರಿಯಲ್ಲೇ, ಮೆಟ್ಟಿಲು ಮೆಟ್ಟಿಲಾಗಿ, ದಾರದಷ್ಟು ಸಣ್ಣ ಗೆರೆ ಇಳಿದಿತ್ತು. ಪೆನ್ಸಿಲಿನ ಗೆರೆ ಎರಡು ತುಂಡಾಗಿತ್ತು. ಇಂಜಿನಿಯರ್ ಹಾಕಿದ ಸಹಿಯ ಅರ್ಧ ಒಂದು ಕಡೆ, ಇನ್ನರ್ಧ ಸ್ವಲ್ಪ ಕೆಳಗೆ ಜಾರಿ ಇನ್ನೊಂದು ಕಡೆ.

"ನನ್ನ ಗಾರೆ ಬಿರಿಯಲ್ಲ ಅಂದ್ಕೊಂಡಿದ್ದೆ," ಎಂದಳು ಅತ್ತೆ. "ಗಾರೆ ಬಿರಿದಿಲ್ಲ. ಗೋಡೆ ಬಿರಿದಿದೆ. ಆ ಹುಡುಗಿಗೆ ಫೋನ್ ಮಾಡು."

ಇಷ್ಟು ದಿನ ಬೇಡಿಕೊಂಡದ್ದು ಬಂದಿತ್ತು. ಇವಳು ಅಲ್ಲೇ ನಿಂತು ಫೋನು ಮಾಡಿದಳು. ಇಂಜಿನಿಯರ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಜಾರಿದೆಯೇ, ಮೇಲೆ ಕೆಳಗೆ ಜಾರಿದೆಯೇ ಎಂದಷ್ಟೇ ಕೇಳಿದಳು. ಹೌದು ಎಂದಾಗ ಮೊದಲು ಎಲ್ಲರೂ ಹೊರಗೆ ಬನ್ನಿ, ಹಳೆಯ ಮನೆಯಿಂದಲೂ ಬನ್ನಿ, ನಾನು ಹೊರಟೆ ಎಂದಳು.

ಒಲೆ ಆರಿಸಿದಳು. ಅತ್ತೆಯ ತೋಳು ಹಿಡಿದಳು. ಅತ್ತೆ ತೋಳು ಬಿಡಿಸಿಕೊಂಡು ಹೊಲಿಗೆ ಯಂತ್ರದ ಒಂದು ತುದಿ ಹಿಡಿದಿದ್ದಳು. ಬಿಡಿ ಅತ್ತೆ ಎಂದರೆ, ಮಾತಾಡೋ ಹೊತ್ತಿಗೆ ಎತ್ತು ಎಂದಳು. ಉಜ್ಜಿ ನಿಲ್ಲುವ ಬಾಗಿಲನ್ನು ಸೊಂಟದಿಂದ ತಳ್ಳಿಕೊಂಡು, ಹಿಂದಿನಿಂದ ಎಲ್ಲೋ ಮರಳು ಉದುರುವ ಸಣ್ಣ ಸದ್ದು ಬೆನ್ನಿಗೆ ಅಂಟಿದಂತೆ, ಇಬ್ಬರೂ ಯಂತ್ರವನ್ನು ಅಂಗಳಕ್ಕೆ, ಅಂಗಳದಿಂದ ಬೀದಿಗೆ ತಂದಿಟ್ಟರು. ಹೊಲಿಯಬೇಕಾಗಿದ್ದ ಬಟ್ಟೆಗಳು ಒಳಗೇ ಉಳಿದವು. ಮಳೆ ನಿಂತಿತ್ತು. ಇವಳು ಮೊಣಕೈಗೆ ಅಂಟಿದ ಬೂದುಬಣ್ಣದ ಪುಡಿ ಒರೆಸಿಕೊಳ್ಳುತ್ತ ಗಂಡನಿಗೆ ಫೋನು ಮಾಡಿದಳು.

ಎದುರಿನ ಇಸ್ತ್ರಿ ಅಂಗಡಿಯವನು ಬಿಸಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಹೊರಗೆ ಬಂದ. ಊರಿನ ಸುದ್ದಿಯೆಲ್ಲ ಅವನ ಮೇಜಿನ ಮೇಲೆ ಮಡಿಕೆಯಾಗಿ ಹೋಗುತ್ತಿತ್ತು.

"ಏನಜ್ಜಿ, ನನಗೆ ಪೈಪೋಟಿಗೆ ಅಂಗಡೀನ ಬೀದಿಗೆ ತಂದ್ರಾ?" ಎಂದ. ಆಮೇಲೆ ಇವರ ಮುಖ ನೋಡಿ ದನಿ ತಗ್ಗಿಸಿದ. "ಏನಾಯ್ತು?"

ಹೊರಗಿನವರ ಮುಂದೆ ಹೇಳುವ ಮಾತೇ, ಯಾವ ಮಾತಿನಿಂದ ಶುರುಮಾಡುವುದು? ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಇಂಜಿನಿಯರಿನ ಗಾಡಿ ತಿರುಗಿತು. ಕೆಸರಿನ ಬೂಟಿನಲ್ಲೇ ಅವಳು ಒಳಗೆ ಹೋದಳು. ಹೆಚ್ಚು ಹೊತ್ತು ಇರಲಿಲ್ಲ. ಹೊರಗೆ ಬಂದವಳ ಮುಖ ಬಿಗಿದಿತ್ತು. ಹಿಂದಿನ ಕೋಣೆಗೆ ಇನ್ನು ಯಾರೂ ಕಾಲಿಡಬಾರದು, ಮುಂದಿನ ಭಾಗಕ್ಕೆ ಆಸರೆ ಕೊಡಿಸುತ್ತೇನೆ, ಅದಾಗುವ ತನಕ ಬೇರೆಲ್ಲಾದರೂ ಇರಿ ಎಂದಳು. ಗಾರೆಯ ಬಿರುಕಲ್ಲ ಎಂದು ಬರೆಯುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ ಎಂದಳು. ಗೆದ್ದೆವು ಎಂಬ ಮಾತು ಇವಳ ಮನಸ್ಸಿಗೆ ಬರಲೇ ಇಲ್ಲ. ಬೇರೆಲ್ಲಾದರೂ ಎಂದರೆ ಎಲ್ಲಿ ಎಂದಷ್ಟೇ ಬಂತು.

"ಒಂದು ಮಾತು ಬೇಕು," ಎಂದಳು ಇಂಜಿನಿಯರ್. "ಪಾಯ ಹಾಕಿದ್ದು ಅವನೇನಾ? ಮಧ್ಯದಲ್ಲಿ ಬೇರೆ ಯಾರಾದ್ರೂ ಕೈ ಹಾಕಿದ್ರಾ? ಮನೆಯೋರು ಯಾರಾದ್ರೂ ನೋಡಿದ್ದೋರು ಹೇಳಬೇಕು."

ಪಾಯ ಅಗೆದ ದಿನ ಮನೆಯಲ್ಲಿದ್ದವಳು ಅತ್ತೆ ಒಬ್ಬಳೇ. ಕೆಲಸದವರಿಗೆ ನೀರು ಕೊಟ್ಟವಳು ಅವಳು. ಸೊಸೆ ಅವಳ ಮುಖ ನೋಡದೆ ಯಂತ್ರದ ಚಕ್ರದ ಮೇಲೆ ಕಣ್ಣಿಟ್ಟು ನಿಂತಳು. ಇಸ್ತ್ರಿಯವನು ಇದ್ದ, ಅವನ ಪಕ್ಕ ಇನ್ನೊಂದಿಬ್ಬರು ಬಂದು ಸೇರಿದ್ದರು, ಎದುರು ಮಹಡಿಯಲ್ಲಿ ಒಬ್ಬಳು ಒಗೆದ ಬಟ್ಟೆ ಹಿಂಡುವುದನ್ನು ನಿಲ್ಲಿಸಿದ್ದಳು.

ಅತ್ತೆ ಯಂತ್ರದ ಸ್ಟೂಲಿನ ಮೇಲೆ ಕೂತಳು. ಅಂಗೈಯಲ್ಲಿ ಅಂಟಿದ್ದ ಗಾರೆಯ ಪುಡಿಯನ್ನು ಇನ್ನೊಂದು ಕೈಯಿಂದ ಉಜ್ಜಿದಳು.

"ಬೇರೆ ಯಾರೂ ಇಲ್ಲ," ಎಂದಳು. ಮೆಲ್ಲಗೆ ಹೇಳಲಿಲ್ಲ, ಬೀದಿಗೆ ಕೇಳುವಂತೆಯೇ ಹೇಳಿದಳು. "ನಮ್ಮಣ್ಣನ ಮಗ ಹಾಕಿದ್ದು. ನಾನೇ ಸಾಕಿದ ಹುಡುಗ. ಗಟ್ಟಿ ನೆಲ ಸಿಗೋ ತನಕ ಅಗೀಲಿಲ್ಲ ಅವನು. ಬರ್ಕೊಳಮ್ಮ."